ಅಪ್ಪ ಕೊಟ್ಟದ್ದನ್ನು ಅಮ್ಮ ಇಲ್ಲವೆಂದದ್ದು

ಅಪ್ಪ ನಮ್ಮ ಮನೆಗೆ ಶನಿವಾರ ಸಂಜೆ ನೆಂಟರ ಹಾಗೆ ಬರುತ್ತಿದ್ದರು. ಮೂಡಬಿದಿರೆಯ ಹತ್ತಿರದ ಆ ಮನೆ ಅಮ್ಮನ ತಾಯಿಯ ಕಡೆಯದು. ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಮನೆಗೆ ಸೇರಿದವರು, ಯಜಮಾನಿಕೆ ಅಮ್ಮನ ಅಣ್ಣನದು, ಅಂದರೆ ನನ್ನ ಮಾವನದು. ಗಂಡನೆಂಬವನು ಬಂದು ಹೋಗುವವನು. ಅಪ್ಪ ಗುರುವಾಯನಕೆರೆಯ ಕಡೆ ಶಾಲೆಯಲ್ಲಿ ಮಾಸ್ಟ್ರಾಗಿದ್ದರು. ವಾರವಿಡೀ ಬೆಳ್ತಂಗಡಿಯ ತಮ್ಮ ಅಕ್ಕನ ಮನೆಯಲ್ಲಿದ್ದು, ಶನಿವಾರ ಪಾಠ ಮುಗಿಸಿ ಬಸ್ಸು ಹಿಡಿಯುತ್ತಿದ್ದರು.

ಬಂದವರು ಚಾವಡಿಯಲ್ಲಿ ಮಾವನ ಎದುರು ಕೂತು ಎಲೆಯಡಿಕೆ ಹಾಕಿಕೊಂಡು ಊರಿನ ಸುದ್ದಿ ಹೇಳಬೇಕು. ಅದು ಮುಗಿದ ಮೇಲೆ ಕೈಕಾಲು ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋಗುತ್ತಿದ್ದರು. ಅಮ್ಮನಿಗೂ ಸರಿಯಾಗಿ ಆಗಲೇ ನೀರು ಬೇಕಾಗುತ್ತಿತ್ತು. ಸಂಬಳದ ದುಡ್ಡು ಅಲ್ಲೇ ಅವಳ ಸೆರಗಿನ ಗಂಟಿಗೆ ಸೇರುತ್ತಿತ್ತು. ಅದರಲ್ಲಿ ತೆಗೆದ ಸೀರೆಯನ್ನು ಯಾರಾದರೂ ಹೊಗಳಿದರೆ "ಅಣ್ಣ ತೆಗೆಸಿಕೊಟ್ಟದ್ದು" ಎನ್ನುತ್ತಿದ್ದಳು, ಕಣ್ಣು ಕೂಡ ಮಿಟುಕಿಸದೆ. ಗಂಡ ಸಾಕುತ್ತಾನೆ ಅಂದರೆ ತಾಯಿಮನೆಗೆ ಗತಿಯಿಲ್ಲ ಅಂತ ಅರ್ಥವಂತೆ. ಎಂಥ ಮರ್ಯಾದೆಯೋ, ಬೆಂಕಿ ಹಾಕಬೇಕು ಅದಕ್ಕೆ!

ಅರವತ್ತರ ದಶಕದ ಶುರುವಿನ ಮಾತು. ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಒಂದು ಶನಿವಾರ ಅಪ್ಪ ಬಸ್ಸಿಗೆ ಕಾಯುತ್ತಿದ್ದಾಗ ಮರದ ದಿಮ್ಮಿ ತುಂಬಿದ ಲಾರಿಯೊಂದು ತಿರುವಿನಲ್ಲಿ ವಾಲಿತು. ಹೇರಿದ್ದು ಅತಿಯಾಗಿತ್ತು, ಕಟ್ಟಿದ ಹಗ್ಗ ಹಳೆಯದಾಗಿತ್ತು. ಹಗ್ಗ ಹರಿದು ದಿಮ್ಮಿಗಳು ಅಪ್ಪನ ಮೇಲೆ ಉರುಳಿದವು. ನಮಗೆ ಸುದ್ದಿ ಮುಟ್ಟುವಾಗ ಅವರನ್ನು ಬೆಳ್ತಂಗಡಿಯ ಅಕ್ಕನ ಮನೆಯ ಅಂಗಳದಲ್ಲಿ ಮಲಗಿಸಿ ಆಗಿತ್ತು. ಬೆಂಕಿ ಕೊಟ್ಟದ್ದು ಆ ಅಕ್ಕನ ಮಗ. ನಾನೂ ಅಮ್ಮನೂ ಮುಖ ನೋಡಿ, ಅತ್ತು, ವಾಪಸು ಬಂದೆವು. ಹೆಣ ಕೂಡ ನಮ್ಮದಲ್ಲ ಎಂದು ನನಗೆ ಮೈಯೆಲ್ಲ ಉರಿದಿತ್ತು.

ಲಾರಿಯ ಧಣಿಯ ಮೇಲೆ ದಾವೆ ಹಾಕಬಹುದು ಎಂದವರು ಬಂಟ್ವಾಳದ ಒಬ್ಬ ವಕೀಲರು. ಅವರು ಅಪ್ಪನ ಸ್ನೇಹಿತರು. ಅಮ್ಮನನ್ನು ಕೂರಿಸಿ ನಿಧಾನವಾಗಿ ತಿಳಿಸಿದರು: "ನೋಡಿ ಅಮ್ಮಾ, ಇದು ಸತ್ತವರ ಬೆಲೆ ಅಲ್ಲ. ಅವರು ಬದುಕಿದ್ದಾಗ ನಿಮಗೂ ಮಗಳಿಗೂ ಏನು ಕೊಡ್ತಾ ಇದ್ದರೋ, ಅದು ನಿಂತುಹೋಯಿತಲ್ಲ, ಅದಕ್ಕೆ ಪರಿಹಾರ. ಕೊಡ್ತಿದ್ದರು ಅಂತ ನೀವು ಕೋರ್ಟಿನಲ್ಲಿ ಹೇಳಬೇಕು. ಅಷ್ಟು ಸಾಕು."

ಅಮ್ಮ ತಲೆಯಾಡಿಸಿದಳು. ಅವಳಿಗೆ ಆ ಪರಿಹಾರ ಬೇಕಿತ್ತು, ಅದು ನನಗೆ ಗೊತ್ತು. ಅಪ್ಪ ಹೋದ ಮೇಲೆ ತಲೆಗೆ ಹಾಕುವ ಎಣ್ಣೆಗೂ ಅವಳು ಮಾವನ ಎದುರು ನಿಲ್ಲಬೇಕಾಗಿತ್ತು. ಮಾವ ಇಲ್ಲವೆನ್ನುವವರಲ್ಲ. ಆದರೆ "ಎಂಥದಕ್ಕೆ?" ಎಂದು ಕೇಳದೆ ಕೊಡುವವರೂ ಅಲ್ಲ. ಹೆಣ್ಣಿನ ಎಲ್ಲ ಅಗತ್ಯವನ್ನೂ ಅಣ್ಣನಿಗೆ ಬಾಯಿಬಿಟ್ಟು ಹೇಳಲಿಕ್ಕಾಗುತ್ತದಾ? "ದುಡ್ಡು ಬಂದರೆ ನನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ತೇನೆ, ಬೀಗ ನನ್ನದೇ" ಎಂದು ಅವಳು ಒಂದು ಮಧ್ಯಾಹ್ನ ಭತ್ತ ಒಣಗಿಸುತ್ತಾ ನನ್ನ ಕಿವಿಯಲ್ಲಿ ಹೇಳಿದ್ದಳು. ಅಪ್ಪ ತೀರಿಹೋದ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಅವತ್ತೇ ಮೊದಲು.

ಮಾವ ದಾವೆ ಬೇಡ ಎನ್ನಲಿಲ್ಲ. ವಿಚಾರಣೆಯ ದಿನ ಹೊರಡುವಾಗ ಮಾತ್ರ, ಶಾಲು ಹೆಗಲಿಗೆ ಹಾಕಿಕೊಳ್ಳುತ್ತಾ, "ಮಾತಾಡುವಾಗ ಮನೆಯ ಹೆಸರು ನೆನಪಿರಲಿ" ಎಂದರು. ಮೂವರೂ ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋದೆವು. ದಾರಿಯುದ್ದಕ್ಕೂ ಅಮ್ಮ ತುಟಿ ಅಲ್ಲಾಡಿಸುತ್ತಿದ್ದಳು. ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದಾಳೆ ಎಂದುಕೊಂಡೆ.

ಲಾರಿ ಧಣಿಯ ವಕೀಲ ನಮ್ಮ ಸೀಮೆಯವನೇ, ಅಳಿಯಕಟ್ಟಿನ ಮನೆಯವನೇ. ಗದರಿಸುತ್ತಾನೆ ಎಂದು ನಾನು ಹೆದರಿದ್ದರೆ ಅವನು ಕೈಮುಗಿದ, ಮಾರಾಯರೆ! ಮಾತು ಬೆಣ್ಣೆಯ ಹಾಗೆ.

"ಅಮ್ಮಾ, ನಿಮ್ಮದು ದೊಡ್ಡ ಮನೆ. ನಾಲ್ಕು ಊರಿಗೆ ಗೊತ್ತಿರುವ ಮನೆ. ಹೌದಲ್ಲ?"

"ಹೌದು."

"ಉಣ್ಣಲಿಕ್ಕೆ, ಉಡಲಿಕ್ಕೆ ನಿಮ್ಮ ಮನೆಯಲ್ಲಿ ಏನಾದರೂ ಕಡಿಮೆ ಉಂಟಾ?"

"ಇಲ್ಲ. ದೇವರು ಕೊಟ್ಟದ್ದು ಉಂಟು."

"ಹಾಗಾದರೆ ಒಬ್ಬ ಶಾಲೆ ಮಾಸ್ಟ್ರ ಸಂಬಳದಲ್ಲಿ ನಿಮ್ಮ ಮನೆಯ ಒಲೆ ಉರಿಯಬೇಕಾದ ಗತಿ ನಿಮಗೆ ಇರಲಿಲ್ಲ, ಅಲ್ಲವಾ?"

ಅಮ್ಮ ಹಿಂದಿನ ಬೆಂಚಿನ ಕಡೆ ನೋಡಿದಳು. ಅಲ್ಲಿ ನನ್ನ ಪಕ್ಕದಲ್ಲಿ ಮಾವ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅಮ್ಮನೂ ಬೆನ್ನು ನೆಟ್ಟಗೆ ಮಾಡಿದಳು. "ಇಲ್ಲ" ಎಂದಳು. "ನಾವು ಅವರ ದುಡ್ಡಿನಲ್ಲಿ ಉಂಡವರಲ್ಲ. ಅವರು ಬಂದಾಗ ನಾವೇ ಬಡಿಸಿದ್ದೇವೆ."

ನಾನು ಎದ್ದು ನಿಂತೆ. ಸುಳ್ಳು ಎಂದು ಕೂಗಬೇಕು ಅಂತ ಬಾಯಿ ತೆರೆದದ್ದೂ ಹೌದು. ಮಾವ ನನ್ನ ರಟ್ಟೆ ಹಿಡಿದು ಎಳೆದು ಕೂರಿಸಿದರು. ನಮ್ಮ ವಕೀಲರು ಆಮೇಲೆ ಎಷ್ಟು ತಿರುಗಿಸಿ ಕೇಳಿದರೂ ಅಮ್ಮ ಆಡಿದ ಮಾತು ಬಿಟ್ಟು ಕದಲಲಿಲ್ಲ. ಮಗಳನ್ನು ಸಾಕ್ಷಿಗೆ ಕರೆಯಿರಿ ಎಂದು ಹೊರಗೆ ನಾನು ಅವರ ಹತ್ತಿರ ಜಗಳವನ್ನೇ ಆಡಿದೆ. "ತಾಯಿಯೇ ಇಲ್ಲ ಅಂದ ಮೇಲೆ ಮಗಳ ಮಾತು ಯಾರು ನಂಬ್ತಾರೆ ಮಾರಾಯ್ತಿ?" ಎಂದರು. ಕೆಲವು ತಿಂಗಳ ನಂತರ ತೀರ್ಪು ಬಂತು. ಗಂಡನಿಂದ ಹೆಂಡತಿ ಮಕ್ಕಳಿಗೆ ಏನೂ ಬರುತ್ತಿರಲಿಲ್ಲವಾದ್ದರಿಂದ ಅವನ ಸಾವಿನಿಂದ ಅವರಿಗೆ ನಷ್ಟವಾಗಿಲ್ಲ, ದಾವೆ ವಜಾ.

ನಷ್ಟವಾಗಿಲ್ಲವಂತೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ವಿಚಾರಣೆ ಮುಗಿಸಿ ಬಸ್ಸಿಗೆ ನಿಂತಿದ್ದಾಗ ಮಾವ ಅಮ್ಮನಿಗೆ ಸೋಡಾ ಕುಡಿಸಿ, "ಮನೆಯ ಮಾನ ಉಳಿಸಿದೆ" ಎಂದಿದ್ದರು. ಅಮ್ಮ ಆ ಸೋಡಾವನ್ನು ಪೂರ್ತಿ ಕುಡಿದಿದ್ದಳು. ಸಿಟ್ಟಿಗೆ ನಾನು ಬಹಳ ದಿನ ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವಳು ಎಣ್ಣೆಗೆ, ಸೋಪಿಗೆ, ತಲೆನೋವಿನ ಗುಳಿಗೆಗೆ ಚಾವಡಿಯ ಕಂಬದ ಹತ್ತಿರ ನಿಂತು ಕೇಳಿಯೇ ಕಾಲ ಕಳೆದಳು. ನಾನು ಟೀಚರಾಗಿ ಮೊದಲ ಸಂಬಳ ತಂದುಕೊಟ್ಟಾಗ ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು, ಪಾಪ.

ಅವಳು ಆ ವಿಷಯ ಎತ್ತಿದ್ದು ಮಾವ ತೀರಿಕೊಂಡ ಮೇಲೆ. ನನ್ನ ಬಾಡಿಗೆ ಮನೆಯಲ್ಲಿ ಬಸಳೆ ಸೋಸುತ್ತಿದ್ದವಳು ಇದ್ದಕ್ಕಿದ್ದಂತೆ, "ದುಡ್ಡು ಹೋದದ್ದು ಹೋಗಲಿ. ಅವರು ಕೊಟ್ಟದ್ದನ್ನು ಕೊಟ್ಟಿಲ್ಲ ಅಂದೆನಲ್ಲ, ಅದನ್ನು ಇನ್ನು ಯಾರ ಹತ್ತಿರ ಹೇಳುವುದು?" ಎಂದಳು.

"ನನ್ನ ಹತ್ತಿರ ಹೇಳು" ಎಂದೆ.

ಅಮ್ಮ ಹೇಳಿದಳು. ನನ್ನನ್ನು ಹೆತ್ತಾಗ ಸೂಲಗಿತ್ತಿಗೆ ಕೊಟ್ಟದ್ದು. ನನಗೆ ಟೈಫಾಯಿಡ್ ಬಂದಾಗ ಡಾಕ್ಟರಿಗೆ ಕೊಟ್ಟದ್ದು. ಅಜ್ಜಿಯ ಅಡವಿಟ್ಟ ಬಳೆ ಬಿಡಿಸಿಕೊಟ್ಟದ್ದು. ನನಗೆ ಇವು ಯಾವುವೂ ಗೊತ್ತಿರಲಿಲ್ಲ. ಕೊನೆಗೆ, ನೆರೆಗೆ ಬೆಳೆಯೆಲ್ಲ ಕೊಳೆತುಹೋದ ವರ್ಷ ನಮ್ಮ ದೊಡ್ಡ ಮನೆಯ ಗದ್ದೆಗಳ ತೀರ್ವೆಯನ್ನು ಸರಕಾರಕ್ಕೆ ಕಟ್ಟಿದ್ದು ಕೂಡ ಅಪ್ಪನ ಸಂಬಳದ ದುಡ್ಡಿನಲ್ಲಿ ಎಂದಳು.

ನಾನು ಬಸಳೆಯ ದಂಟು ಕೊಚ್ಚುತ್ತಿದ್ದ ಕತ್ತಿಯನ್ನು ಕೆಳಗಿಟ್ಟೆ. "ಅದು ಮಾವನಿಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂಥ?" ಎಂದಳು ಅಮ್ಮ. "ಅಣ್ಣನ ಕೈಯಲ್ಲೇ ಕೊಟ್ಟದ್ದು ನಾನು. ಎಣಿಸಿಯೇ ತಕ್ಕೊಂಡದ್ದು ಅವನು."