ಬುಡ್ತು ಅನ್ನು

ನಮ್ಮಕ್ಕನ ಮನೆಯ ಟೀವಿ ರಿಮೋಟಿಗೆ ಇವತ್ತಿಗೂ ಪ್ಲಾಸ್ಟಿಕ್ ಕವರು ಇದೆ. ಅಂಗಡಿಯಿಂದ ಯಾವ ಅಂಗಿ ತೊಟ್ಟು ಬಂದಿತ್ತೋ ಅದೇ ಅಂಗಿಯಲ್ಲಿ, ಸೊಂಟಕ್ಕೊಂದು ರಬ್ಬರ್ ಬ್ಯಾಂಡ್ ಬಿಗಿದುಕೊಂಡು, ಅದು ಚನ್ನರಾಯಪಟ್ಟಣದ ಆ ನಡುಮನೆಯ ದಿವಾನದ ಮೇಲೆ ದಿಂಬಿಗೆ ಒರಗಿ ಪವಡಿಸಿರುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು. ಇಲ್ಲವೆಂದು ನೀವು ಹೇಳಿದರೆ ನಂಬುವುದು ನನಗೆ ಕಷ್ಟ. ಧೂಳಿನಿಂದ, ಸಾರು ಮೆತ್ತಿದ ಬೆರಳುಗಳಿಂದ, ನೆಂಟರ ಮಕ್ಕಳಿಂದ ಇಷ್ಟು ವರ್ಷ ರಿಮೋಟನ್ನು ಕಾಪಾಡಿದ ಆ ಕವರು ಈಚೆಗೆ ಒಂದೇ ಒಂದು ಕಡೆ ತೂತುಬಿದ್ದಿದೆ. ಚಾನೆಲ್ಲು ಬದಲಿಸುವ ಗುಂಡಿಯ ಮೇಲಲ್ಲ, ದನಿ ಏರಿಸುವ ಗುಂಡಿಯ ಮೇಲೂ ಅಲ್ಲ. ಮೂಲೆಯಲ್ಲಿ, ಸದ್ದನ್ನೇ ಅಡಗಿಸುವ ಮ್ಯೂಟ್ ಗುಂಡಿಯ ಮೇಲೆ.

ಕಾರಣ ಹೇಳುತ್ತೇನೆ. ಅಕ್ಕನ ಮಗಳು ಭವ್ಯ ನರ್ಸು. ಹಾಸನದಲ್ಲಿ ಓದಿ, ಅಲ್ಲಿಯೇ ಒಂದಷ್ಟು ಕಾಲ ದುಡಿದು, ಈಗ ಕೊಲ್ಲಿಯ ಒಂದು ದೇಶದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಆ ದೇಶಕ್ಕೂ ಸುತ್ತ ನಡೆದಿರುವ ಯುದ್ಧಕ್ಕೂ ನೇರ ಸಂಬಂಧವಿಲ್ಲ. ಆದರೆ ಜಗಳವಾಡುವ ಎರಡು ದೇಶಗಳ ಬಾಣಗಳು ಅದರ ತಲೆಯ ಮೇಲೆಯೇ ಹಾದುಹೋಗಬೇಕು, ಕೆಲವು ದಾರಿಯಲ್ಲೇ ಉದುರುತ್ತವೆ. ವಿಮಾನಗಳು ನಿಂತಿವೆ. ಭವ್ಯ ಬರುವ ಹಾಗಿಲ್ಲ. ಅಂದಿನಿಂದ ಅಕ್ಕನ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆಗೆ ಹೊತ್ತಿಕೊಂಡ ಟೀವಿ ರಾತ್ರಿ ಊಟದವರೆಗೆ ಆರುವುದಿಲ್ಲ. ಎಂದೂ ಸುದ್ದಿ ನೋಡದ ಅಕ್ಕ ಈಗ ಯಾವ ಚಾನೆಲಿನಲ್ಲಿ ಎಷ್ಟು ಹೊತ್ತಿಗೆ ಯಾವ ನಿವೃತ್ತ ಸೇನಾಧಿಕಾರಿಯ ಸಂದರ್ಶನ ಬರುತ್ತದೆಂದು ಬಾಯಿಪಾಠ ಹೇಳುತ್ತಾಳೆ. ಹೆಸರುಗಳು ಮಾತ್ರ ಅವಳವೇ: ಒಬ್ಬ ನಿರೂಪಕ 'ಕೋಟಿನೋನು', ಇನ್ನೊಬ್ಬ 'ಕೂಗುಮಾರಿ', ವಿದೇಶಾಂಗ ತಜ್ಞರೊಬ್ಬರು 'ಕೆಮ್ಮೋ ಯಜಮಾನ್ರು'. ಯುದ್ಧದ ಚರ್ಚೆ ಮುಗಿಯುತ್ತಿದ್ದಂತೆ ಅದೇ ಕುರ್ಚಿಯಲ್ಲಿ ದೇಶವಿದೇಶದ ಅಡುಗೆಯ ಬಗ್ಗೆ ಮಾತಾಡಲು ಒಬ್ಬಾಕೆ ಬಂದು ಕೂರುತ್ತಾಳೆ. ಅಕ್ಕ ಅದನ್ನೂ ನೋಡುತ್ತಾಳೆ, ಮಧ್ಯೆ ಎಲ್ಲಿ ಸುದ್ದಿ ಬಂದುಬಿಡುತ್ತದೋ ಎಂಬ ಭಯಕ್ಕೆ.

ಆದರೆ ನೋಡುವುದಕ್ಕೊಂದು ಕ್ರಮವಿದೆ. ಪರದೆಯ ಮೇಲಿನ ಮಹಾಶಯರು 'ಸರ್ವನಾಶ' ಎಂದೋ 'ಬೂದಿಯಾಗಲಿದೆ' ಎಂದೋ ಬಾಯಿ ತೆರೆದ ಕೂಡಲೇ ಅಕ್ಕ ರಿಮೋಟನ್ನು ಎತ್ತಿ ಅವರ ಮುಖಕ್ಕೆ ಹಿಡಿದು, "ಅಂಗನ್ಬೇಡ ಕಣ್ಲಾ, ಬುಡ್ತು ಅನ್ನು! ಅನ್ನಲ್ವಾ? ಅನ್ನಲ್ವಾ?" ಎಂದು ಗದರಿಸಿ ಗುಂಡಿ ಒತ್ತುತ್ತಾಳೆ. ಕವರು ಸವೆದದ್ದು ಹೀಗೆ.

'ಬಿಡ್ತು ಅನ್ನು' ಎಂಬ ಮಾತನ್ನು ನೀವು ಕೇಳಿ ಎಷ್ಟು ಕಾಲವಾಯಿತು? ಬಾಲ್ಯದಲ್ಲಿ ನಾವು ಏನಾದರೊಂದು ಅಪಶಕುನ ಆಡಿದರೆ ಹಿರಿಯರು ಬೆದರಿ, ಮೊದಲು ಅದನ್ನು ಹೇಳಿಸಿ ಆಮೇಲೆ ಬೈಯುತ್ತಿದ್ದರು. ಮೇಲೆ ಅಸ್ತು ದೇವತೆಗಳು ಸದಾ ಸುತ್ತುತ್ತಿರುತ್ತಾರೆ, ನಾವು ಆಡಿದ್ದಕ್ಕೆ ಒಳ್ಳೆಯದು ಕೆಟ್ಟದ್ದು ನೋಡದೆ 'ಅಸ್ತು' ಎಂದುಬಿಡುತ್ತಾರೆ, ಅಷ್ಟರೊಳಗೆ ಆಡಿದವನೇ 'ಬಿಡ್ತು' ಎಂದು ಮಾತನ್ನು ವಾಪಸು ತೆಗೆದುಕೊಂಡುಬಿಡಬೇಕು. ಬೇರೆಯವರು ಹೇಳಿದರೆ ಆಗದು. ಆಡಿದ ನಾಲಿಗೆಯೇ ಬಿಡಬೇಕು. ಅಕ್ಕನ ಸಂಕಟ ಇರುವುದೇ ಇಲ್ಲಿ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತ ಕೋಟಿನೋನಿಂದ ಅವಳು ಹೇಗೆ 'ಬುಡ್ತು' ಅನ್ನಿಸಬೇಕು? ಅಸ್ತು ದೇವತೆಗಳು ಟೀವಿ ನೋಡುವುದಿಲ್ಲವೆಂದು ಅವಳಿಗೆ ಯಾರು ಖಾತ್ರಿ ಕೊಡಬೇಕು?

ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವವನು. ಇಂಥದ್ದನ್ನೆಲ್ಲ ಮುಗುಳ್ನಕ್ಕು ದಾಟಿಸಬೇಕಾದ ಸ್ಥಾನ ನನ್ನದು. ಆದರೆ ಯೋಚಿಸಿದಷ್ಟೂ ನಮ್ಮ ಮನೆಮಾತಿನ ಅಂಜಿಕೆ ನನಗೆ ದೊಡ್ಡದಾಗಿ ಕಾಣುತ್ತದೆ. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎಂದವರು ನಾವು. ಅಕ್ಕಿ ಮುಗಿದರೆ ಹೆಚ್ಚಾಗಿದೆ ಎಂದವರು, ಕತ್ತಲಲ್ಲಿ ಹಾವನ್ನು ಹುಳವೆಂದವರು, ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎಂದರೆ ಹಿಂದಕ್ಕೆ ಕರೆದು 'ಬರ್ತೀನಿ' ಅನ್ನಿಸಿ ಕಳಿಸಿದವರು. ಅತ್ತ ಜಗತ್ತಿನ ರಾಜತಾಂತ್ರಿಕರೂ ಮಾತಿನಲ್ಲಿ ನಾಜೂಕಿನವರೇ: ಊರು ಸುಟ್ಟರೆ ಕಾರ್ಯಾಚರಣೆ, ಜನ ಸತ್ತರೆ ಹಾನಿ. ನಾವೂ ಕೆಟ್ಟದ್ದರ ಹೆಸರು ಹೇಳುವುದಿಲ್ಲ, ಅವರೂ ಹೇಳುವುದಿಲ್ಲ. ನಾವು ಹೇಳದಿರುವುದು ಅದು ಆಗದಿರಲಿ ಎಂದು. ಅವರು ಹೇಳದಿರುವುದು ಅದು ಆದದ್ದು ತಿಳಿಯದಿರಲಿ ಎಂದು. ಇವೆರಡರ ನಡುವೆ ಟೀವಿಯ ಸಂದರ್ಶನ ಬಂದು ಕೂತಿದೆ. ಆಗಿರುವುದನ್ನು ವಿಚಾರಿಸುವ ವ್ಯವಧಾನ ಅದಕ್ಕಿಲ್ಲ, ಆಗದಿರುವುದನ್ನೇ ಎಬ್ಬಿಸಿ ಎಬ್ಬಿಸಿ ಕೇಳುತ್ತದೆ.

ಇಂಥ ಹೊತ್ತಿನಲ್ಲಿ ಆ ಕೋಟಿನೋನ ಚಾನೆಲಿನವರು ನನ್ನನ್ನೇ ಕರೆದರು. ಜಿಲ್ಲೆಯ ಪತ್ರಿಕೆಯಲ್ಲಿ ನಾನು ಕೊಲ್ಲಿಯ ರಾಜಕೀಯ ಕುರಿತು ಬರೆದ ಒಂದು ಲೇಖನ ಹೇಗೋ ಅವರ ಕಣ್ಣಿಗೆ ಬಿದ್ದು, ನಾನು ದಿಢೀರನೆ 'ಅಂತಾರಾಷ್ಟ್ರೀಯ ವಿದ್ಯಮಾನಗಳ ತಜ್ಞ' ಆಗಿಬಿಟ್ಟಿದ್ದೆ. ಹೆಮ್ಮೆ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆ ಹೆಮ್ಮೆಯಲ್ಲೇ ಅಕ್ಕನಿಗೆ ಫೋನು ಮಾಡಿದೆ.

"ಲೋ, ಟೀವೀಲಿ ಏಳುದ್ರೆ ಎಲ್ರೂ ಕೇಳ್ತಾರೆ ಅಲ್ವಾ? ಏನೂ ಆಗಲ್ಲ ಅಂತ ಏಳ್ಬುಡು. ಇಷ್ಟು ದಿನದಿಂದ ಒಬ್ನಾದ್ರೂ ಅಂಗಂದಿಲ್ಲ ಕಣಪ್ಪ. ಒಬ್ರಾದ್ರೂ ಒಳ್ಳೇ ಮಾತಾಡ್ಲಿ" ಎಂದಳು.

"ನನಗೇನು ಗೊತ್ತಕ್ಕಾ ಏನಾಗುತ್ತೆ ಅಂತ?"

"ಅವ್ರಿಗೆ ಗೊತ್ತಾ? ಗೊತ್ತಿಲ್ದೆ ಕೆಟ್ಟದ್ದು ಏಳ್ತಾವ್ರಲ್ಲ, ನೀನು ಗೊತ್ತಿಲ್ದೆ ಒಳ್ಳೇದು ಏಳು."

ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೊಂದಿಸುತ್ತ ಕೂತೆ. ಏನೂ ಆಗದು ಎಂದರೆ ಅದು ನನಗೆ ಗೊತ್ತಿಲ್ಲದ ಮಾತು, ಬಲ್ಲವರ ಮುಂದೆ ಮಾನ ಹೋಗುವ ಮಾತು. ಆಗಬಹುದು ಎಂದರೆ ಕೇಳಿಸಿಕೊಳ್ಳುವವಳು ಅಕ್ಕ. ಬೇರೆ ಯಾರೇ ಹೇಳಿದರೂ ಟೀವಿಯವರ ಮಾತೆಂದು ತಳ್ಳಿಬಿಡುವಳು, ತಮ್ಮನ ಬಾಯಲ್ಲಿ ಬಂದರೆ ಅವಳು ಅನ್ನ ಬಿಡುತ್ತಾಳೆಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಚಾನೆಲಿನ ಹಾಸನದ ಕಚೇರಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿತ್ತು. ಹಸಿರು ಬಟ್ಟೆಯ ಮುಂದೆ ಕುರ್ಚಿ ಹಾಕಿ ಕೂರಿಸಿ, ಕಿವಿಗೊಂದು ವಯರು ತುರುಕಿ, ಕ್ಯಾಮೆರಾವನ್ನೇ ನೋಡಬೇಕೆಂದರು. ಕೆಳಗಿನಿಂದ ಬನ್ನು ಬೇಯುವ ವಾಸನೆ, ಕಿವಿಯೊಳಗೆ ಕೋಟಿನೋನ ದನಿ. ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಇತಿಹಾಸ, ತೈಲ, ಜಲಮಾರ್ಗ ಎಂದು ಹಕಾರಗಳನ್ನೆಲ್ಲ ಒಂದೊಂದಾಗಿ ಸರಿಯಾಗಿ ಉಚ್ಚರಿಸುತ್ತ, ತರಗತಿಯಲ್ಲಿ ಆಡದಂಥ ಶುದ್ಧ ಕನ್ನಡ ಆಡಿದೆ. ಆಮೇಲೆ ಆತ ದನಿ ತಗ್ಗಿಸಿ, "ಸಾರ್, ನೇರವಾಗಿ ಕೇಳ್ತೀನಿ. ಅತ್ಯಂತ ಕೆಟ್ಟದ್ದು ಅಂದ್ರೆ ಏನಾಗಬಹುದು?" ಎಂದ.

ಹೇಳಲಾಗದು ಎಂದೆ. ಬಿಡಲಿಲ್ಲ. ಮಾತುಕತೆಗೆ ಇನ್ನೂ ಅವಕಾಶವಿದೆ ಎಂದೆ, ಅದೂ ಅವನಿಗೆ ಬೇಕಿರಲಿಲ್ಲ. "ನಮ್ಮವರು ಕೆಲಸ ಮಾಡೋ ಜಾಗಗಳ ಮೇಲೆ ಬೀಳಲ್ಲ ಅಂತ ನೀವು ಗ್ಯಾರಂಟಿ ಕೊಡ್ತೀರಾ ಸಾರ್?" ಎಂದು ಕೇಳಿದ. ಗ್ಯಾರಂಟಿ ಕೊಡಲು ನಾನು ಯಾರು? "ಬಿದ್ದೀತು. ಆಸ್ಪತ್ರೆಗಳ ಮೇಲೂ ಬಿದ್ದೀತು..." ಎಂದೆ.

ಎಂದ ಕೂಡಲೇ, ಕ್ಯಾಮೆರಾದ ಆ ಕರಿಗಾಜಿನೊಳಗೆ ನನಗೆ ದಿವಾನದ ಮೇಲೆ ಕೂತ ಅಕ್ಕ ಕಂಡಂತಾಯಿತು. ನನ್ನ ನಾಲಿಗೆ ನನ್ನನ್ನು ಕೇಳಲೇ ಇಲ್ಲ. "ಬುಡ್ತು" ಎಂದುಬಿಟ್ಟೆ.

"ಏನಂದ್ರಿ ಸಾರ್?"

"ಬುಡ್ತು ಅಂದೆ. ನೀವೂ ಅನ್ನಿ."

ಕಿವಿಯಲ್ಲಿ ಯಾರೋ ನಕ್ಕ ಸದ್ದು, ಆಮೇಲೆ ಜಾಹೀರಾತು. ಜಾಹೀರಾತಿಗೆ ಮೊದಲೇ ಪಕ್ಕದ ಸಣ್ಣ ಪರದೆಯಲ್ಲಿ ನನ್ನ ಮುಖದ ಕೆಳಗೆ ಕೆಂಪು ಪಟ್ಟಿ ಓಡತೊಡಗಿತ್ತು: 'ಆಸ್ಪತ್ರೆಗಳ ಮೇಲೆ ದಾಳಿ ಖಚಿತ: ತಜ್ಞರ ಎಚ್ಚರಿಕೆ'. ಬಿದ್ದೀತು ಎಂಬುದು ಎಷ್ಟು ಮೆತ್ತನೆಯ ಕ್ರಿಯಾಪದ! ಬೀಳದೆಯೂ ಇದ್ದೀತು ಎಂಬ ಆಸೆ ಅದರ ಹೊಟ್ಟೆಯಲ್ಲೇ ಇದೆ. ಆ ಆಸೆಯನ್ನು ಕಿತ್ತುಹಾಕಿ ಮಿಕ್ಕದ್ದನ್ನು ನನ್ನ ಹೆಸರಿನಲ್ಲಿ ಓಡಿಸುತ್ತಿದ್ದರು. ಅದನ್ನು ಅಕ್ಕ ಓದಿದ್ದರೆ ಎಂದು ಫೋನು ಮಾಡಲು ಧೈರ್ಯ ಸಾಲಲಿಲ್ಲ.

ನನ್ನ ಮಾನದ ವಿಷಯ ಬಿಡಿ. ಆ ತುಣುಕು ಊರೂರು ಸುತ್ತಿತು. ಮಲ್ಲಿಪಟ್ಟಣದವರಾದ ನಮ್ಮ ಇತಿಹಾಸದ ಸಹೋದ್ಯೋಗಿ ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡ ಕೂಡಲೇ ಎದ್ದು ನಿಂತು, ವಿಶ್ವಸಂಸ್ಥೆಗೆ ಕೂಡಲೇ 'ಬುಡ್ತು' ಅನ್ನಲು ಆದೇಶಿಸಬೇಕೆಂದು ಗೊತ್ತುವಳಿ ಮಂಡಿಸಿದರು. ಪರೀಕ್ಷೆಯ ಕೆಲಸಕ್ಕೆಂದು ಅರಕಲಗೂಡಿಗೆ ಹೋದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮುಖವನ್ನೇ ದಿಟ್ಟಿಸಿ, "ಬುಡ್ತು ಮೇಷ್ಟ್ರಲ್ವಾ ಸಾ? ಸರ್ಯಾಗ್ ಏಳುದ್ರಿ ಬುಡಿ, ಅವ್ರ ಬಾಯಿಗೆ ಬೀಗ ಆಕೋರೇ ಇರ್ಲಿಲ್ಲ" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ಕಿಟಕಿಯ ಕಡೆ ತಿರುಗಿದೆ.

ಭಾನುವಾರ ಚನ್ನರಾಯಪಟ್ಟಣಕ್ಕೆ ಹೋದೆ. ಭಾವ ತೆಂಗಿನಕಾಯಿ ಮಂಡಿಗೆ ಹೋಗಿದ್ದರು. ಅಕ್ಕ ಎಂದಿನಂತೆ ಟೀವಿಯ ಮುಂದೆ. ಕಾಫಿ ಕೊಟ್ಟು, ನಾನು ಕೇಳುವ ಮೊದಲೇ, "ಚೆನ್ನಾಗ್ ಮಾತಾಡ್ದೆ ಕಣೋ" ಎಂದಳು.

"ಕೊನೇವರೆಗೂ ಕೇಳಿದ್ಯಾ?"

"ಆ ಕೋಟಿನೋನು ಕೆಟ್ಟದ್ದು ಏನು ಅಂತ ಕೇಳ್ದ ನೋಡು, ಅಲ್ಗೇ ಒತ್ಬುಟ್ಟೆ. ಕೆಳಗಡೆ ಏನೋ ಓಡ್ತಿತ್ತು, ನಾನು ನಿನ್ ಮುಖಾನೇ ನೋಡ್ತಿದ್ದೆ. ಏನೂ ಆಗಲ್ಲ ಅಂತ ತಾನೆ ಅಂದಿದ್ದು?"

ನೋಡಿ, ಯಾರಿಗಾಗಿ ನಾನು ಜಿಲ್ಲೆಯ ಮುಂದೆ ನಗೆಪಾಟಲಾದೆನೋ ಅವಳು ಆ ಒಂದು ಮಾತನ್ನೇ ಕೇಳಿಸಿಕೊಂಡಿರಲಿಲ್ಲ. "ಹೂಂ ಅಕ್ಕ, ಹಂಗೇ ಅಂದೆ" ಎಂದೆ. ಸುಳ್ಳಾಡಿದ್ದಕ್ಕೆ ಸ್ವಲ್ಪವೂ ಬೇಸರವಾಗಲಿಲ್ಲ.

ಸಂಜೆಯ ಕಾಫಿಯ ಹೊತ್ತಿಗೆ ಭವ್ಯ ವೀಡಿಯೊ ಕರೆ ಮಾಡಿದಳು. ಫೋನನ್ನು ಟೀವಿಯ ಪಕ್ಕ, ಹೂದಾನಿಗೆ ಒರಗಿಸಿ ಇಟ್ಟು ಇಬ್ಬರೂ ಎದುರು ಕೂತೆವು. ನನ್ನನ್ನು ಕಂಡವಳೇ ನಕ್ಕು, "ಮಾವ, ಇಲ್ಲಿ ನಮ್ಮ ಕನ್ನಡದ ಹುಡ್ಗೀರೆಲ್ಲ ನಿಮ್ದೇ ನೋಡ್ತಾವ್ರೆ. ಏನಾದ್ರೂ ಸದ್ದಾದ್ರೆ ಸಾಕು, ಎಲ್ರೂ ಒಟ್ಗೆ ಬುಡ್ತು ಅಂತೀವಿ" ಎಂದಳು. ಅಕ್ಕನಿಗೆ ಅರ್ಥವಾಗಲಿಲ್ಲ. ಏನದು ಎಂದು ಅವಳು ನನ್ನತ್ತ ತಿರುಗುವಷ್ಟರಲ್ಲಿ ಫೋನಿನೊಳಗಿಂದ ಸೈರನ್ನು ಕೂಗಿತು.

ಟೀವಿಯಲ್ಲಿ ನೂರು ಸಲ ಕೇಳಿದ್ದ ಸದ್ದೇ ಅದು. ಅಂಗೈಯಗಲದ ಫೋನಿನಿಂದ, ನಮ್ಮ ಮಗುವಿನ ಮುಖದ ಹಿಂದಿನಿಂದ ಬಂದಾಗ ಅದು ಬೇರೆಯೇ ಆಗಿತ್ತು. ಭವ್ಯ ಆಚೆ ಯಾರಿಗೋ ಏನೋ ಕೂಗಿ ಹೇಳಿ, "ಪೇಷಂಟ್ಗಳನ್ನ ಕೆಳಗಿಳಿಸ್ಬೇಕು, ಬತ್ತೀನಿ ಕಣಮ್ಮ" ಎಂದಳು. ಫೋನು ಎಲ್ಲೋ ಮಗುಚಿ ಬಿತ್ತು. ಪರದೆಯ ತುಂಬ ಬಿಳಿಯ ಸೂರು, ನಡುಮನೆಯ ತುಂಬ ಸೈರನ್ನು. ಅಕ್ಕ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು, ಟೀವಿಗಲ್ಲ, ಫೋನಿಗೆ ಗುರಿಯಿಟ್ಟು, ಆ ಸವೆದ ಗುಂಡಿಯನ್ನು ಒತ್ತಿದಳು. ಒತ್ತಿದಳು, ಮತ್ತೆ ಒತ್ತಿದಳು.

ಸದ್ದು ನಿಂತಿತು.

ಅಕ್ಕ ನನ್ನ ಕಡೆ ನೋಡಿದಳು. ಅವಳ ಕಣ್ಣಿನಲ್ಲಿ ಗೆಲುವಿತ್ತು. ನಾನು ಫೋನನ್ನು ನೋಡಿದೆ. ಕರೆ ಕಡಿದುಹೋಗಿತ್ತು. ಅದನ್ನು ಅವಳಿಗೆ ಹೇಗೆ ಹೇಳಲಿ? ಹೇಳಲಿಲ್ಲ. ತಿರುಗಿ ಮಾಡಿದರೆ ಹೋಗುತ್ತಿಲ್ಲ, ಮತ್ತೆ ಮಾಡಿದರೂ ಇಲ್ಲ. ಟೀವಿಯಲ್ಲಿ ಕೆಮ್ಮೋ ಯಜಮಾನರು ಭೂಪಟದ ಮೇಲೆ ಕೋಲಾಡಿಸುತ್ತ ಯಾವುದೋ ಊರನ್ನು ತೋರಿಸುತ್ತಿದ್ದರು. ಅದು ಯಾವ ಊರೆಂದು ಓದಲು ನನಗೆ ಧೈರ್ಯ ಬರಲಿಲ್ಲ. ಕಲಿತ ರಾಜ್ಯಶಾಸ್ತ್ರವೆಲ್ಲ ನನ್ನೊಳಗೆ ಕೈಕಟ್ಟಿ ಕೂತಿತ್ತು. ಬಾಯಿ ಮಾತ್ರ ಒಳಗೊಳಗೇ ಒಂದೇ ಮಾತು ಆಡುತ್ತಿತ್ತು. ಅವತ್ತು ನಾನು ಆಡಿದ್ದು, ನಾನೇ ಬಿಡಬೇಕು. ಬುಡ್ತು, ಬುಡ್ತು.

ಕಾಫಿ ಲೋಟದ ಮೇಲೆ ಕೆನೆ ಕಟ್ಟಿತು. ಭಾವ ಬಂದರು, ನಮ್ಮ ಮುಖ ನೋಡಿ ಬಾಗಿಲಲ್ಲೇ ನಿಂತರು. ಆಮೇಲೆ ಫೋನು ಸಣ್ಣಗೆ ಅದುರಿತು. ಭವ್ಯಳದೇ ಸಂದೇಶ, ಒಂದೇ ಪದ: 'ಬಂದೆ.'

ಓದಿ ಹೇಳಿದೆ. ಬತ್ತೀನಿ ಎಂದು ಹೋದವಳು ಬಂದೆ ಎಂದಿದ್ದಳು. ಎಲ್ಲಿಗೆ ಬಂದಳು, ನೆಲಮಾಳಿಗೆಗೋ ವಾರ್ಡಿಗೋ, ಯಾವುದೂ ಗೊತ್ತಿಲ್ಲ. ನಾಳೆ ಏನೆಂಬುದು ಮೊದಲೇ ಗೊತ್ತಿಲ್ಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಮಡಿಲಲ್ಲಿದ್ದ ರಿಮೋಟನ್ನು, ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡ್ ಸಮೇತ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನನ್ನ ಕಡೆ ಚಾಚಿದಳು.

ನಾನೂ ಒತ್ತಿಕೊಂಡೆ.