ರಾರಿಟನ್ ನದೀತೀರೇ

ಪೂಜೆಗೆ ಕೂತಾಗ ನನಗೆ ಬಲು ಇಷ್ಟವಾಗುವುದು ಸಂಕಲ್ಪ. ಬ್ರಹ್ಮಾಂಡದಿಂದ ಹೊರಟು ದ್ವೀಪ, ದೇಶ, ನದಿ ಎಂದು ಇಳಿಯುತ್ತ ಬಂದು, ಕೊನೆಗೆ ‘ಸ್ವಗೃಹೇ’ ಎಂದು ನಮ್ಮದೇ ಮನೆಬಾಗಿಲಿಗೆ ತಂದು ನಿಲ್ಲಿಸುವ ಆ ಮಂತ್ರ, ದೇವರಿಗೆ ನಾವು ಒಪ್ಪಿಸುವ ವಿಳಾಸ. ಜಿಪ್ ಕೋಡ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿರುತ್ತದೆ. ಕೆಂಡಲ್ ಪಾರ್ಕ್ ಎಂಬ ಈ ಪರದೇಶದ ಊರಿನ ನಮ್ಮ ಮನೆಯ ಗೃಹಪ್ರವೇಶದಂದು ಭಟ್ಟರು ಗೋದಾವರಿ ಕಾವೇರಿಗಳನ್ನು ಪಕ್ಕಕ್ಕಿಟ್ಟು “ರಾರಿಟನ್ ನದೀತೀರೇ” ಎಂದು ಗಂಭೀರವಾಗಿ ಉಚ್ಚರಿಸಿದಾಗ, ರೂಟ್ ಒನ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ದಿನವೂ ಶಪಿಸುತ್ತ ದಾಟುವ ಆ ಕಂದು ನೀರಿಗೆ ಪುಣ್ಯನದಿಯ ಪಟ್ಟ ಸಿಕ್ಕಿತಲ್ಲ ಎಂದು ನಾನು ಹಿಗ್ಗಿದೆ. ಸಂಸ್ಕೃತದ ವಿಭಕ್ತಿ ಅಂಟಿಸಿದರೆ ಯಾವ ನದಿಯೂ ನಮ್ಮದಾಗುತ್ತದೆಂಬ ಭಂಡ ಧೈರ್ಯ ನನ್ನದು.

ಊಟದ ಹೊತ್ತಿಗೆ, ನಾಲ್ಕನೇ ಕ್ಲಾಸಿನ ಮಗಳು ಸಿರಿ ಭಟ್ಟರಿಗೇ ಪಾಠ ಹೇಳಿದಳು.

“ಅಂಕಲ್, ರಾರಿಟನ್ ಈಸ್ ಅ ಲೆನಾಪೆ ನೇಮ್. ದೇ ಲಿವ್ಡ್ ಹಿಯರ್.”

“ಹೌದಾ ಪುಟ್ಟಿ? ಈಗೆಲ್ಲಿದಾರೆ ಅವರು?”

“ಓಕ್ಲಹೋಮ. ದೇ ಮೂವ್ಡ್. ಲೈಕ್ ವಿನಯ್ ಅಂಕಲ್. ಮೇ ಬಿ ಬೆಟರ್ ಜಾಬ್ಸ್.”

ಹೊಸ ಕೆಲಸ ಸಿಕ್ಕಿ ಊರು ಬಿಟ್ಟ ನಮ್ಮ ಗೆಳೆಯ ವಿನಯ್ ನೆನಪಾಗಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಕೆಲಸ ಸಿಕ್ಕಲ್ಲಿಗೆ ಹೋಗುವುದೊಂದೇ ನಮ್ಮ ಮಕ್ಕಳು ಕಂಡ ವಲಸೆ. ಶಾಲೆಯಲ್ಲಿ ಅವಳಿಗೆ ಈ ನೆಲದ ಮೂಲನಿವಾಸಿಗಳಾದ ಲೆನಾಪೆ ಜನರ ತೊಗಟೆಯ ಮನೆ, ಜೋಳದ ತೆನೆ, ದೋಣಿಗಳನ್ನು ಬಣ್ಣದ ಕಾಗದದಲ್ಲಿ ಕತ್ತರಿಸಿ ಅಂಟಿಸಲು ಕಲಿಸಿದ್ದರು. ಒಪ್ಪಂದದ ಹೆಸರಿನಲ್ಲಿ ನೆಲ ಕಿತ್ತುಕೊಂಡದ್ದು, ರೋಗಕ್ಕೆ ಊರೂರೇ ಬರಿದಾದದ್ದು, ಉಳಿದವರನ್ನು ಮತ್ತೆ ಮತ್ತೆ ಪಶ್ಚಿಮಕ್ಕೆ ಅಟ್ಟಿದ್ದು, ಅವರ ಮಕ್ಕಳ ಬಾಯಿಂದ ನುಡಿಯನ್ನೇ ಕಸಿದದ್ದು, ಇಷ್ಟೆಲ್ಲಕ್ಕೂ ಸೇರಿ ‘ಮೂವ್ಡ್’ ಎಂಬ ಒಂದು ಪದ ಸಾಕಾಗಿತ್ತು. ಬ್ರಿಟಿಷರು ನಮ್ಮನ್ನು ದೋಚಿದ ಕಥೆಯನ್ನು ಯಾರು ಸಿಕ್ಕರೂ ಬಿಡದೆ ಕೊರೆಯುವ ನನಗೆ, ಈ ದರೋಡೆಯ ಬಗ್ಗೆ ತಿಳಿದದ್ದು ಅಷ್ಟಕ್ಕಷ್ಟೇ.

ಸಂಜೆ ತಿಳಿದಿದ್ದ ಅಷ್ಟನ್ನೇ ಅವಳಿಗೆ ಹೇಳಿದೆ. ಓಕ್ಲಹೋಮದಲ್ಲಿ ಅವರು ಇಂದಿಗೂ ಇದ್ದಾರೆ, ಅವಳ ವಯಸ್ಸಿನ ಮಕ್ಕಳೂ ಇದ್ದಾರೆ ಎಂದೆ. ಅವಳು ನಗಲಿಲ್ಲ.

“ಸೋ ದೇ ವರ್ ಪುಶ್ಡ್. ದೆನ್ ವೈ ಡಿಡ್ ಮೈ ಟೀಚರ್ ಸೇ ಮೂವ್ಡ್?”

“ಟೀಚರ್‌ನೇ ಕೇಳು ಮಗಳೇ,” ಎಂದು ಜಾರಿಕೊಂಡೆ. ಮರುದಿನ ಕೇಳಿದಳಂತೆ. ಆ ಪಾಠ ಮುಗಿದಿದೆ, ಈಗ ಭಿನ್ನರಾಶಿ ನಡೆಯುತ್ತಿದೆ ಎಂದರಂತೆ. ಅಂದಿನಿಂದ ಅವಳು ಟೀಚರನ್ನೂ ಕೇಳಿಲ್ಲ, ನನ್ನನ್ನೂ ಕೇಳಿಲ್ಲ. ಅದೇ ನನಗೆ ಹೆಚ್ಚು ದುಃಖದ ಸಂಗತಿ.

ಮೊನ್ನೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮತ್ತೆ ಅದೇ ಭಟ್ಟರು, ಅದೇ ಸಂಕಲ್ಪ. “ರಾರಿಟನ್ ನದೀತೀರೇ” ಎಂದೊಡನೆ ಪಕ್ಕದಲ್ಲಿ ಕೂತ ಸಿರಿ ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು. ವಿಳಾಸದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಭಟ್ಟರು “ಸ್ವಗೃಹೇ” ಎಂದರು, ಅವರ ಹಿಂದೆ ನಾನು ಹೇಳಲಿಲ್ಲವೆಂದು ಇನ್ನೊಮ್ಮೆ ಜೋರಾಗಿ ಹೇಳಿದರು. ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದು, ನಾನು ಮಗಳ ಕಡೆ ನೋಡಲಾರದೆ ಕೂತಿದ್ದೆ.