ಪಕ್ಕದ ಮನೆ ಕೇಳುವ ಜೈನಾಬ್

ಮಾನ್ವಿ ಕಡೆಯ ಪೋತ್ನಾಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜೈನಾಬ್ ಆಗಲೇ ಬಂಡೆಮ್ಮನ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಪ್ರಶ್ನಾವಳಿ ಬಿಚ್ಚಿದ್ದಾಳೆ. ಹೊತ್ತೇರಿದರೆ ಹೆಂಗಸರೆಲ್ಲ ಭತ್ತದ ನಾಟಿಗೆ ಹೋಗಿಬಿಡುತ್ತಾರೆ, ಆಮೇಲೆ ಬಾಗಿಲನ್ನೇ ಕೇಳಬೇಕು. "ರೇಡಿಯೋ ಅದ ಏನ್ ಯವ್ವಾ?" ಎಂದರೆ ಬಂಡೆಮ್ಮ, "ನಮ್ಮಂಥೋರಿಗೆ ಎಲ್ಲಿದು ಬೇ," ಎನ್ನುತ್ತಾಳೆ. ಒಳಗೆ ರೇಡಿಯೋ ಹಾಡುತ್ತಲೇ ಇದೆ.

"ಹೋಗ್ಲಿ, ಬಾಜೂ ಆದೆಮ್ಮನ ಮನ್ಯಾಗ ಏನೇನದ?"

ಆಗ ನೋಡಬೇಕು ಬಂಡೆಮ್ಮನ ಬಾಯಿ! ಸೈಕಲ್ಲು, ಸ್ಟೀಲಿನ ಕೊಡ, ಮಾನ್ವಿಯ ಶಾಲೆಗೆ ಹೋಗುವ ಮಗಳು, ಒಂದೂ ಬಿಡದೆ ಒಪ್ಪಿಸುತ್ತಾಳೆ. ಇವಳ ರೇಡಿಯೋ ಸುದ್ದಿಯನ್ನು ಆಮೇಲೆ ಆದೆಮ್ಮ ಹೇಳುತ್ತಾಳೆ. "ತಮ್ಮದು ಮುಚ್ಚತಾರ್ರಿ. ಮಂದೀದು ನೋಡಿ ಹೊಟ್ಟಿ ಉರಿಯೋರು ಎಲ್ಲಾ ನೆನಪಿಟ್ಟಿರತಾರ," ಎಂದು ಜೈನಾಬ್ ನಗುತ್ತಾಳೆ.

ನೀರಾವರಿಯ ಮಾನ್ವಿ, ಒಣಭೂಮಿಯ ದೇವದುರ್ಗ, ಎರಡನ್ನೂ ಪಕ್ಕಪಕ್ಕ ಇಟ್ಟು 'ಅಭಿವೃದ್ಧಿ' ಅಂದರೇನೆಂದು ರಾಯಚೂರಿನ ಸಂಶೋಧನಾ ಕೇಂದ್ರವೊಂದು ಹುಡುಕುತ್ತಿದೆ. ಗಂಡ ಖಾಸಿಂ ಸಾಬ್ ತೀರಿಕೊಂಡ ಎಪ್ಪತ್ತಾರನೇ ಇಸವಿಯಲ್ಲಿ ಜೈನಾಬ್ ಅಲ್ಲಿ ದಿನಗೂಲಿಗೆ ಸೇರಿದವಳು, ಏಳು ವರ್ಷವಾದರೂ ದಿನಗೂಲಿಯೇ. ದಿನಕ್ಕೆ ಹನ್ನೆರಡು ಮನೆ, ಮನೆಗೆ ಅರವತ್ತೆರಡು ಪ್ರಶ್ನೆ. ಕನ್ನಡ, ದಖನಿ, ತೆಲುಗು ಮೂರರಲ್ಲೂ ಕೇಳುತ್ತಾಳೆ. "ದೇವದುರ್ಗದ ಕಡಿ ಏನು ಕಡಿಮಿ ಅದ ಅಂತ ಕೇಳಿದ್ರ, ಮಾನ್ವಿಯವರು ದಿನಾ ಅನ್ನ ಉಣ್ತಾರ, ನಮಗ ಹಬ್ಬಕ್ಕಷ್ಟ ಅಂತಾರ್ರಿ," ಎಂದು ಅವಳು ಬರೆದು ತಂದದ್ದಕ್ಕೆ ಕೇಂದ್ರದ ಪ್ರೊಫೆಸರರು ದೊಡ್ಡದೊಂದು ಹೆಸರಿಟ್ಟು ಪುಸ್ತಕ ಮಾಡಿದರು. ಪುಸ್ತಕದಲ್ಲಿ ಜೈನಾಬಳ ಹೆಸರಿಲ್ಲ.

ಹೋದ ವರ್ಷ ಒಂದು ಕಾಯಂ ಹುದ್ದೆ ಬಂತು. ಏಳನೇ ಇಯತ್ತೆ ಓದಿದವಳನ್ನು ಯಾರು ಕೇಳುತ್ತಾರೆ? ಬಿ.ಎ. ಮಾಡಿದ ಹನುಮಂತ್ರಾಯನಿಗೆ ಕುರ್ಚಿ, ಮೇಜು, ತಲೆಮೇಲೊಂದು ಫ್ಯಾನು. ಅವನು ಕಲ್ಲೂರಿನ ನಲವತ್ತು ಮನೆ ತಿರುಗಿ ನಲವತ್ತರಲ್ಲೂ 'ಇಲ್ಲ, ಇಲ್ಲ' ಎಂದೇ ಬರೆದು ತಂದ. ಪಕ್ಕದ ಮನೆ ಕೇಳಿದ್ದಕ್ಕೆ ಹೆಂಗಸರು, "ಅವರ ಮನಿ ಸುದ್ದಿ ನಿನಗ್ಯಾಕ್ಲೇ," ಎಂದು ಅಟ್ಟಿದ್ದರು. ಆ ನಲವತ್ತೂ ಮನೆಗೆ ಜೈನಾಬ್ ಮತ್ತೆ ಹೋದಳು. "ಮುಚ್ಚಿಡೋದೇನದ? ಆ ಕುರ್ಚಿ ಕಂಡ್ರ ನನ್ನ ಹೊಟ್ಟ್ಯಾಗ ಬೆಂಕಿ ಬೀಳತದ," ಎನ್ನುತ್ತಾಳೆ.

ಜೂನ್‌ನಲ್ಲಿ ಇನ್ನೊಂದು ಹುದ್ದೆ ಇದೆ, ಆದರೆ ಹತ್ತನೇ ಇಯತ್ತೆ ಪಾಸಾಗಿರಬೇಕು. ಮೂವತ್ತೊಂಬತ್ತನೇ ವಯಸ್ಸಿಗೆ ಖಾಸಗಿಯಾಗಿ ಪರೀಕ್ಷೆ ಕಟ್ಟಿದ್ದಾಳೆ. ಬೀಜಗಣಿತ ಜೀವ ತಿನ್ನುತ್ತಿದೆ. ಅದನ್ನು ಮಾನ್ವಿ ಬಸ್ಸಿನಲ್ಲಿ ಹೇಳಿಕೊಡುವವನು ಬೇರೆ ಯಾರೂ ಅಲ್ಲ, ಹನುಮಂತ್ರಾಯನೇ. ಅದಕ್ಕೆ ಬದಲಾಗಿ ಅವಳು ಅವನನ್ನು, ಹೆಂಗಸರು ಅಟ್ಟದ ಹಾಗೆ, ಮನೆಮನೆಯೊಳಗೆ ಕರೆದೊಯ್ದು ಕೂರಿಸಬೇಕು.

ಹಾಗಾದರೆ ಹೊಟ್ಟೆಯುರಿ ತಣ್ಣಗಾಯಿತೇ ಎಂದರೆ ಜೈನಾಬ್ ಇಲ್ಲವೆಂದು ತಲೆಯಾಡಿಸುತ್ತಾಳೆ. "ಛಲೋ ಮನಿಶಾ, ಚಂದಾಗಿ ಕಲಿಸ್ತಾನ. ಆದ್ರೂ ಒಂದಿನ ಅವ ನನ್ನ ನೋಡಿ ಹೊಟ್ಟಿ ಉರಕೋಬೇಕ್ರಿ. ಅಷ್ಟಾದ್ರ ಸಾಕು ನನಗ."